ಮುಟ್ಟಬಾರದ ನಾಯಿ

ಮೊನ್ನೆ ನಮ್ಮ ಚಿರಂಜೀವಿಯು ಚಿತ್ರವೊಂದನ್ನು ತಂದು ನನ್ನೆದುರು ಹಿಡಿದನು. ಯಾವುದೋ ಪರದೇಶದ ಪ್ರಾಥಮಿಕ ಶಾಲೆ. ಸುತ್ತಲೂ ಕುಳಿತ ಮಕ್ಕಳ ನಡುವೆ, ಅಂಧರಿಗೆ ದಾರಿ ತೋರುವ ನಾಯಿಯೊಂದು ಗಂಭೀರವಾಗಿ ಕುಳಿತಿತ್ತು.

“ಅಪ್ಪಾ, ಯಾರೂ ಅದನ್ನ ಮುಟ್ಟೇ ಇಲ್ಲ. ಕಚ್ಚುತ್ತಾ?”

“ಇಲ್ಲಪ್ಪ, ಅದು ಕೆಲಸದಲ್ಲಿದೆ,” ಎಂದೆನು.

ಬೆನ್ನ ಮೇಲೆ ಹಿಡಿಕೆಯುಳ್ಳ ಪಟ್ಟಿ ಇರುವವರೆಗೆ ಆ ನಾಯಿಯನ್ನು ಮುದ್ದಿಸಬಾರದು, ತಿಂಡಿ ಹಾಕಬಾರದು, ಕೂಗಿ ಕರೆಯಬಾರದು. ಅದರ ಗಮನ ಒಂದು ಗಳಿಗೆ ತಪ್ಪಿದರೆ, ಹಿಡಿಕೆ ಹಿಡಿದವನ ಹೆಜ್ಜೆಯೇ ತಪ್ಪೀತು. ಮಕ್ಕಳಿಗೆ ಹೇಳಿಕೊಡುವ ಮುಖ್ಯ ಪಾಠವೇ ಇದು.

ಮೊದಲನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಯೋಧರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡೆನ್‌ಬರ್ಗಿನಲ್ಲಿ ಇಂಥ ನಾಯಿಗಳ ಶಾಲೆ ತೆರೆಯಿತು. 1928ರಲ್ಲಿ ಅಮೆರಿಕದ ಮಾರಿಸ್ ಫ್ರ್ಯಾಂಕ್ ಎಂಬ ಅಂಧ ತರುಣನು ಸ್ವಿಟ್ಜರ್ಲೆಂಡಿಗೆ ಹೋಗಿ, ‘ಬಡ್ಡಿ’ಯೊಡನೆ ಊರಿಗೆ ಮರಳಿದನು. ಸಾಹುಕಾರರ ಬಡ್ಡಿಯಲ್ಲ; ಗೆಳೆಯನೆಂಬ ಅರ್ಥದಲ್ಲಿ ಅವನು ತನ್ನ ನಾಯಿಗಿಟ್ಟ ಹೆಸರು ಅದು!

ಇಂಥ ನಾಯಿಯು ದೀಪದ ಬಣ್ಣ ನೋಡಿ ರಸ್ತೆ ದಾಟಿಸುವುದಿಲ್ಲ. ವಾಹನಗಳ ಸದ್ದನ್ನಾಲಿಸಿ ಒಡೆಯನೇ ಅಪ್ಪಣೆ ಕೊಡಬೇಕು. ಆದರೆ ಎದುರಿಗೆ ಅಪಾಯ ಕಂಡಿತೋ, ಅಪ್ಪಣೆ ಮೀರಿ ನಿಂತುಬಿಡುತ್ತದೆ. ನಮ್ಮ ಕಾಲೇಜಿನಲ್ಲಿ ಆಜ್ಞೆ ಮೀರುವವರಿಗೇನೂ ಕೊರತೆಯಿಲ್ಲ. ಯಾವಾಗ ಮೀರಬೇಕೆಂದು ಬಲ್ಲವರು ಮಾತ್ರ ವಿರಳ.

“ನಮ್ಮ ಹೊರಮಾವಲ್ಲಿ ಯಾಕಿಲ್ಲ?” ಎಂದನು ಹುಡುಗ. ಮಾತಿಗಿಂತ ದಾರಿಯೇ ಉತ್ತರ ಹೇಳಲೆಂದು ಅವನನ್ನು ಹೊರಗೆ ಕರೆದೊಯ್ದೆನು. ಕಾಲುದಾರಿಯ ತುಂಬ ಸ್ಕೂಟರುಗಳು, ಅಗೆದ ಗುಂಡಿಗಳು, ಪರಕೀಯ ನಾಯಿಯನ್ನು ಗಡಿ ದಾಟಲು ಬಿಡದ ಬೀದಿನಾಯಿಗಳು. ನಮ್ಮ ದೇಶದಲ್ಲಿ ಅಂಧರಿಗೆ ಬಹುಮಟ್ಟಿಗೆ ಬಿಳಿಯ ಕೋಲೇ ಸಂಗಾತಿ.

ಅಂಥ ಕೋಲು ಹಿಡಿದ ಹಿರಿಯರೊಬ್ಬರು ತಿರುವಿನಲ್ಲಿ ನಿಂತಿದ್ದರು. ಮಗನೆದುರು ಪರೋಪಕಾರ ಮೆರೆಯುವ ಹುಮ್ಮಸ್ಸಿನಲ್ಲಿ ನಾನು ಸರಕ್ಕನೆ ಅವರ ಕೈಹಿಡಿದು ರಸ್ತೆ ದಾಟಿಸಿಯೇಬಿಟ್ಟೆನು.

“ಸ್ವಾಮಿ,” ಎಂದರವರು ಮೆಲ್ಲನೆ, “ನಾನು ಆ ಕಡೆ ಬಸ್ಸಿಗೆ ಕಾಯ್ತಾ ಇದ್ದೆ.”

ಮಗ ನನ್ನ ಮುಖ ನೋಡಿದನು. “ನೀನು ಕೇಳದೇನೇ ಮುಟ್ಟಿದೆ ಅಪ್ಪಾ.”

ಎಂ.ಎ. ಪದವಿ ಆ ಕ್ಷಣದಲ್ಲಿ ನನ್ನ ಸಹಾಯಕ್ಕೆ ಬರಲಿಲ್ಲ. ಕ್ಷಮೆ ಬೇಡಿ, “ಹೇಗೆ ಕರೆದೊಯ್ಯಲಿ?” ಎಂದು ಕೇಳಿದೆನು. ಅವರು ನನ್ನ ಮೊಣಕೈಯನ್ನು ತಾವೇ ಹಿಡಿದುಕೊಂಡು, “ಅರ್ಧ ಹೆಜ್ಜೆ ಮುಂದೆ ನಡೀರಿ, ಸಾಕು,” ಎಂದರು.

ಆ ನಾಯಿ ನಮ್ಮೂರ ಶಾಲೆಗೆ ಎಂದು ಬಂದೀತೋ! ಅದರ ಪಾಠವನ್ನು ಮಾತ್ರ ಉಪಾಧ್ಯಾಯರು ನಾಳೆಯೇ ಹೇಳಿಕೊಡಬಹುದು. ದೊಡ್ಡವರಿಗೂ ಹಿಂದಿನ ಬೆಂಚಿನಲ್ಲಿ ಸ್ಥಳವಿರಲಿ.