ಕಾಲ್ಬೆರಳಿಂದ ಶುರು

ಕರಾಟೆಗೆ ಹೋಗ್ತೀನಿ ಅಂದ ತಕ್ಷಣ ಎಲ್ಲರೂ ಕೇಳೋದು ಒಂದೇ: "ಹೆಂಚು ಒಡೀತೀಯಾ?" ಇಲ್ಲ. ವಾರಕ್ಕೆ ಮೂರು ದಿನ, ಬೆಳಗ್ಗೆ ಆರಕ್ಕೆ ಹೋಗಿ ನಾನು ಮೊದಲು ಮಾಡೋದು ಕಾಲಿನ ಹೆಬ್ಬೆರಳನ್ನು ಎತ್ತಿ ಇಳಿಸುವ ಕೆಲಸ. ಹೆಬ್ಬೆರಳು ಮೇಲೆ, ಉಳಿದ ನಾಲ್ಕು ಕೆಳಗೆ. ಆಮೇಲೆ ಉಲ್ಟಾ. ಇದನ್ನು ಓದ್ತಾ ಓದ್ತಾನೇ ಒಮ್ಮೆ ಮಾಡಿ ನೋಡಿ, ನಮ್ಮದೇ ಬೆರಳು ನಮ್ಮ ಮಾತು ಕೇಳಲ್ಲ.

ನಮ್ಮದು ಗೋಜು ರ್ಯೂ ಶೈಲಿ. ಒಕಿನಾವಾ ದ್ವೀಪದ ನಾಹಾ ಊರಿನ ಚೋಜುನ್ ಮಿಯಾಗಿ (1888–1953) ಕಟ್ಟಿದ್ದು. ಇದರಲ್ಲಿ ವಾರ್ಮಪ್‌ಗೆ 'ಜುನ್ಬಿ ಉಂಡೊ' ಅಂತಾರೆ, ಅಂದರೆ ಸಿದ್ಧತೆಯ ವ್ಯಾಯಾಮ. ಕಾಲ್ಬೆರಳಿಂದ ಹೊರಟು ಮಂಡಿ, ಸೊಂಟ, ಭುಜ ಹತ್ತಿ ಕತ್ತಿಗೆ ಬರುತ್ತೆ. ಬೆರಳಿಗೆ ಯಾಕಿಷ್ಟು ಉಪಚಾರ ಅಂದರೆ, ಮುಂದಕ್ಕೆ ಒದೆಯುವಾಗ ತಾಗಬೇಕಾದ್ದು ಬೆರಳ ಬುಡದ ಉಬ್ಬು. ಬೆರಳು ಹಿಂದಕ್ಕೆ ಬಾಗದಿದ್ದರೆ ಮುರಿಯೋದು ನಿಮ್ಮದೇ.

ಕೆಲವರು ಲೆಕ್ಕ ಹಾಕಿ ಇಪ್ಪತ್ತು ನಿಮಿಷ ತಡವಾಗಿ ಬರ್ತಾರೆ, ಟ್ರಾಫಿಕ್ ಅಂತ. ಬೆಳಗ್ಗೆ ಆರಕ್ಕೆ ಯಾವ ಟ್ರಾಫಿಕ್ಕು! ಮಾಸ್ಟರ್ ಬಯ್ಯಲ್ಲ. "ಆ ಮೂಲೆಗೆ ಹೋಗಿ ಬೆರಳಿಂದ ಶುರು ಮಾಡ್ರಪ್ಪ" ಅಂತಾರೆ, ಅಷ್ಟೇ.

ಇದಾದ ಮೇಲೆ ಬರೋದು 'ಹೋಜೊ ಉಂಡೊ', ಸಲಕರಣೆ ಹಿಡಿದು ಬಲ ಬೆಳೆಸೋ ಭಾಗ. ಚಿ ಇಶಿ ಅಂದರೆ ಮರದ ಹಿಡಿ, ಒಂದು ತುದಿಗೆ ಕಲ್ಲು. ಮೈಸೂರಿನ ಗರಡಿಮನೆಯ ಗದೆ ತಿರುಗಿಸಿದವರಿಗೆ ಇದು ಹೊಸದೇನಲ್ಲ. ಭಾರವೆಲ್ಲ ಒಂದೇ ಕಡೆ, ಕೆಲಸವೆಲ್ಲ ಮುಂಗೈಗೆ. ನಮ್ಮ ಕ್ಲಾಸಿನದ್ದು ಪೇಂಟ್ ಡಬ್ಬಿಗೆ ಸಿಮೆಂಟ್ ಸುರಿದು, ಗುದ್ದಲಿ ಕಾವು ನಿಲ್ಲಿಸಿ ಮಾಡಿದ್ದು. ಇನ್ನೊಂದು ನಿಗಿರಿ ಗಾಮೆ: ಎರಡು ಕೈಯಲ್ಲಿ ಎರಡು ಜಾಡಿ, ಬಾಯಿಯ ಅಂಚನ್ನು ಬೆರಳ ತುದಿಯಲ್ಲೇ ಹಿಡಿದು ನಿಧಾನವಾಗಿ ನಡೆಯೋದು. ಅಭ್ಯಾಸವಾದಂತೆ ಒಳಗೆ ಮರಳು ಸೇರಿಸ್ತಾ ಹೋಗೋದು. ಐದಾರು ಹೆಜ್ಜೆಗೆ ನನ್ನ ಭುಜ ಕಿವಿ ಹತ್ತಿರ ಏರಿರುತ್ತೆ, ಮಾಸ್ಟರ್ ತಟ್ಟಿ ಇಳಿಸ್ತಾರೆ. ರಿಲೀಸ್ ದಿನ ಲ್ಯಾಪ್‌ಟಾಪ್ ಮುಂದೆ ಏರೋದೂ ಇದೇ ಭುಜ. ಅಲ್ಲಿ ತಟ್ಟೋರಿಲ್ಲ.

ನನಗೆ ಅಳುಕಿದ್ದದ್ದು ಮಾಕಿವಾರಾ ಬಗ್ಗೆ. ನೆಲಕ್ಕೆ ಹೂತ ಹಲಗೆ, ಮೇಲ್ತುದಿಗೆ ಸುತ್ತಿದ ಹುಲ್ಲಿನ ಹಗ್ಗ, ಅದಕ್ಕೆ ಗೆಣ್ಣಿನಿಂದ ಗುದ್ದಬೇಕು. ನೇರವಾಗಿ ಹೇಳಿಬಿಟ್ಟೆ: "ಮಾಸ್ಟರ್, ನನ್ನ ಅನ್ನ ಈ ಬೆರಳಲ್ಲಿದೆ."

"ಗೆಣ್ಣು ದಪ್ಪ ಮಾಡ್ಕೊಂಡು ಏನ್ ಮಾಡ್ತೀಯಪ್ಪ? ಗುದ್ದಿದಾಗ ಮಣಿಕಟ್ಟು ಮಡಚುತ್ತಾ, ಹಿಮ್ಮಡಿ ಏಳುತ್ತಾ ನೋಡ್ಕೊ. ಅದನ್ನ ಹಲಗೆ ಹೇಳುತ್ತೆ" ಅಂದರು.

ಈಗ ಒಂದೊಂದು ಕೈಗೆ ಹತ್ತು, ಮೆಲ್ಲಗೆ. ಗೆಣ್ಣು ಸ್ವಲ್ಪ ಊದಿದರೂ ಆ ವಾರ ರಜೆ. ಕಾಯಿಕಟ್ಟಿದ ಗೆಣ್ಣಿನ ಫೋಟೊ ಹಾಕೋರನ್ನು ಕಂಡರೆ ನನಗೆ ಗೌರವಕ್ಕಿಂತ ಭಯವೇ ಜಾಸ್ತಿ.

ಹಳೆಯದ್ದೆಲ್ಲ ಒಳ್ಳೆಯದು ಅಂತಲೂ ಇಲ್ಲ. ಕುಕ್ಕರಗಾಲಲ್ಲಿ ಕೂತು ಮೊಲದ ಹಾಗೆ ಕುಪ್ಪಳಿಸೋ 'ಉಸಾಗಿ ತೋಬಿ' ಮಂಡಿಗೆ ಕೆಡುಕು ಅಂತ ಜಪಾನಿನಲ್ಲೇ ಕೈಬಿಡ್ತಾ ಬಂದಿದ್ದಾರೆ. ನಮ್ಮಲ್ಲಿ ಅದನ್ನು ತಡವಾಗಿ ಬಂದ ಮಕ್ಕಳಿಗೆ ಶಿಕ್ಷೆ ಅಂತ ಕೊಡೋದನ್ನು ನೋಡಿದ್ದೀನಿ. ಕ್ಲಾಸ್ ಸೇರೋ ಮುಂಚೆ ಒಂದು ದಿನ ಸುಮ್ಮನೆ ಕೂತು ಮೊದಲ ಅರ್ಧ ಗಂಟೆ ನೋಡಿ. ಮಂಡಿ ನೋವಿದ್ದರೆ ಹೇಳಿ. ಮಾಸ್ಟರ್ ಅದನ್ನು ಕಿವಿಗೇ ಹಾಕ್ಕೊಳ್ಳಲಿಲ್ಲ ಅಂದರೆ ಫೀಸ್ ಕಟ್ಟಬೇಡಿ.