ಡಾಕ್ಟರ ಫೀಸು ಕಿಸೆಯಿಂದಲೇ ಹೋಗಲಿ

ಉಪ್ಪಳದಲ್ಲಿ ನಮ್ಮದೊಂದು ಸಣ್ಣ ಜೀನಸು ಅಂಗಡಿ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಆರು ವರ್ಷ ದುಬೈಯಲ್ಲಿ ಎ.ಸಿ. ರಿಪೇರಿ ಕೆಲಸ ಮಾಡಿ ಊರಿಗೆ ಬಂದವನು. ಅಲ್ಲಿ ಕೆಲಸದವರಿಗೆ ಇನ್ಶೂರೆನ್ಸ್ ಮಾಡಿಸಿ ಕೊಡುವುದು ಕಂಪೆನಿಯ ಜವಾಬ್ದಾರಿ, ಕಾನೂನೇ ಹಾಗಿದೆ. ನೆಗಡಿಗೂ ಕಾರ್ಡು ಹಿಡಿದು ಕ್ಲಿನಿಕ್ಕಿಗೆ ಹೋಗುತ್ತಿದ್ದೆವು. ಬಿಲ್ಲಿನಲ್ಲಿ ನೂರಕ್ಕೆ ಇಪ್ಪತ್ತು ಮಾತ್ರ ನನ್ನ ಕೈಯಿಂದ. ಊರಿಗೆ ಬಂದ ಮೇಲೆ ಉಪ್ಪ, ಉಮ್ಮನಿಗೂ ಅಂಥದ್ದೊಂದು ಕಾರ್ಡು ಮಾಡಿಸಿದರೆ ನನ್ನ ತಲೆಬಿಸಿ ಮುಗಿಯಿತು ಅಂತ ತಿಳಿದಿದ್ದೆ.

ಪಾಲಿಸಿ ಮಾಡಿಸಿದೆ. ಹದಿನಾಲ್ಕು ತಿಂಗಳಿಗೆ ಉಪ್ಪನ ಕಾಲಿನ ಹುಣ್ಣು ವಾಸಿಯಾಗದೆ ಮಂಗಳೂರಿನ ಆಸ್ಪತ್ರೆಯಲ್ಲಿ ಒಂಬತ್ತು ದಿನ ಮಲಗಿಸಬೇಕಾಯಿತು. ಬಿಲ್ಲು 1,38,000 ರೂಪಾಯಿ. ಕ್ಲೇಮು ಬರಲಿಲ್ಲ. ಅಡ್ಮಿಟ್ ಮಾಡುವಾಗ ಡ್ಯೂಟಿ ಡಾಕ್ಟರು ಕೇಳಿದ್ದಕ್ಕೆ ಉಮ್ಮ, ‘ಶುಗರ್ ನಾಲ್ಕು ವರ್ಷದಿಂದ ಇದೆ’ ಅಂದಿದ್ದರು. ಹೇಳಿದ್ದು ಸತ್ಯವೇ. ಒಂದು ಕ್ಯಾಂಪಿನಲ್ಲಿ ಬೆರಳಿಗೆ ಚುಚ್ಚಿ ನೋಡಿದವರು ಆಗಲೇ ಎಚ್ಚರಿಸಿದ್ದರು. ಆದರೆ ಪಾಲಿಸಿಯ ಫಾರ್ಮಿನಲ್ಲಿ ‘ಯಾವ ಕಾಯಿಲೆಯೂ ಇಲ್ಲ’ ಎಂದಿತ್ತು. ಅಡಗಿಸಿಟ್ಟಿದ್ದೀರಿ ಎಂದು ಕಂಪೆನಿಯಿಂದ ಪತ್ರ ಬಂತು.

ಫಾರ್ಮು ತುಂಬಿಸಿದ್ದು ಏಜೆಂಟು, ಆದರೂ ಓದದೆ ಸಹಿ ಹಾಕಿಸಿದ್ದು ನಾನು. ನನಗೆ ಹೆಚ್ಚು ಕೋಪ ಬರುವುದು ಆತ ಮೊದಲು ಹೇಳಿದ ಮಾತಿನ ಮೇಲೆ: ‘ಈಗ ಟೆಸ್ಟು ಮಾಡಿಸಬೇಡಿ, ಶುಗರ್ ಬಂದರೆ ಪ್ರೀಮಿಯಂ ಏರುತ್ತದೆ. ಪಾಲಿಸಿ ಕೈಗೆ ಬಂದ ಮೇಲೆ ಡಾಕ್ಟರ ಹತ್ತಿರ ಹೋಗಿ.’ ಈ ಬುದ್ಧಿಮಾತನ್ನು ಆಮೇಲೆ ಎಷ್ಟು ಮನೆಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಇದ್ದ ಕಾಯಿಲೆಯನ್ನು ಬರೆದಿದ್ದರೆ ಏನಾಗುತ್ತಿತ್ತು? ಪ್ರೀಮಿಯಂ ಸ್ವಲ್ಪ ಏರುತ್ತಿತ್ತು, ಆ ಕಾಯಿಲೆಗೆ ಕೆಲವು ವರ್ಷ ಕಾಯಬೇಕಿತ್ತು. 2024ರಲ್ಲಿ ಐಆರ್‌ಡಿಎಐ ಆ ಕಾಯುವ ಅವಧಿಯ ಮಿತಿಯನ್ನು 48 ತಿಂಗಳಿನಿಂದ 36ಕ್ಕೆ ಇಳಿಸಿದೆ. ಕಾಯುವುದಕ್ಕಾದರೂ ಒಂದು ಕೊನೆ ಇದೆ. ಸುಳ್ಳು ಬರೆದ ಪಾಲಿಸಿಯಲ್ಲಿ ಕಟ್ಟಿದ ಹಣವೂ ಹೋಯಿತು, ಕಾಲಿನ ಒಂದು ಬೆರಳೂ ಹೋಯಿತು.

ಬೆರಳು ಹೋದದ್ದು ಇನ್ಶೂರೆನ್ಸಿನಿಂದಲ್ಲ ಅನ್ನುವುದನ್ನೂ ಹೇಳಬೇಕು. ಉಪ್ಪ ನಾಲ್ಕು ವರ್ಷ ಡಾಕ್ಟರ ಹತ್ತಿರ ಹೋಗಲೇ ಇಲ್ಲ. ಮುನ್ನೂರು ರೂಪಾಯಿ ಫೀಸು, ಮೇಲೆ ಟೆಸ್ಟು, ಅರ್ಧ ದಿನ ಅಂಗಡಿಗೆ ಬಾಗಿಲು. ‘ಏನೂ ನೋವಿಲ್ಲವಲ್ಲ’ ಅನ್ನುತ್ತಿದ್ದರು. ಅದೇ ಮನುಷ್ಯ ಅಂಗಡಿಯ ಫ್ರಿಜ್ಜಿನ ಸರ್ವಿಸ್ ಒಮ್ಮೆಯೂ ತಪ್ಪಿಸಿದವರಲ್ಲ.

ಹಾಗಾದರೆ ಡಾಕ್ಟರ ಫೀಸನ್ನೂ ಕೊಡುವ ಪಾಲಿಸಿ ಮಾಡಿಸಬಾರದಾ ಅಂತ ನೀವು ಕೇಳಬಹುದು. ನಾನೂ ವಿಚಾರಿಸಿದೆ. ನಮ್ಮಲ್ಲಿ ಸಾಮಾನ್ಯ ಪಾಲಿಸಿಗಳು ಆಸ್ಪತ್ರೆಯಲ್ಲಿ 24 ಗಂಟೆ ಮಲಗಿದರೆ, ಇಲ್ಲವೇ ಒಂದೇ ದಿನದಲ್ಲಿ ಮುಗಿಯುವ ಕೆಲವು ಚಿಕಿತ್ಸೆಗಳಿಗೆ ಹಣ ಕೊಡುತ್ತವೆ. ಓಪಿ ಖರ್ಚು ಬೇಕಾದರೆ ಬೇರೆಯೇ ಸೇರಿಸಿಕೊಳ್ಳಬೇಕು. ನನಗೆ ತೋರಿಸಿದ ಒಂದರಲ್ಲಿ ವರ್ಷಕ್ಕೆ 3,800 ರೂಪಾಯಿ ಹೆಚ್ಚು ಕಟ್ಟಿದರೆ 5,000 ರೂಪಾಯಿವರೆಗೆ ಓಪಿ ಖರ್ಚು ಸಿಗುತ್ತಿತ್ತು. ಅದೂ ಅವರ ಪಟ್ಟಿಯ ಕ್ಲಿನಿಕ್ಕಿನಲ್ಲಿ ಮಾತ್ರ. ನಮ್ಮ ಪೇಟೆಯ ಡಾಕ್ಟರು ಚೀಟಿಯ ಹಿಂದೆ ಫೀಸು ಬರೆಯುವವರು, ಯಾವ ಪಟ್ಟಿಯಲ್ಲೂ ಇಲ್ಲ. 1,200 ರೂಪಾಯಿಯ ಲಾಭಕ್ಕೆ ಬಿಲ್ಲು ಜೋಡಿಸುತ್ತಾ ಕೂರುವುದಕ್ಕಿಂತ ಆ 3,800ನ್ನು ಮನೆಯಲ್ಲೇ ತೆಗೆದಿಟ್ಟರೆ ಹೋದ ದಿನ, ಹೋದ ಡಾಕ್ಟರಿಗೆ ಕೊಡಬಹುದು. ಬೈಕಿನ ಇನ್ಶೂರೆನ್ಸಿನಲ್ಲಿ ಯಾರಾದರೂ ಎಂಜಿನ್ ಆಯಿಲ್ ಬದಲಿಸುತ್ತಾರಾ?

ದೊಡ್ಡ ಆಸ್ಪತ್ರೆಯ ಖರ್ಚಿಗೆ ಪಾಲಿಸಿ ಬೇಕೇ ಬೇಕು ಅನ್ನುವುದು ನನ್ನ ಅಭಿಪ್ರಾಯ. 2025ರ ಸೆಪ್ಟೆಂಬರ್ 22ರಿಂದ ನಾವು ಸ್ವಂತ ಮಾಡಿಸುವ ಆರೋಗ್ಯ ಪಾಲಿಸಿಯ ಮೇಲಿನ 18 ಶೇಕಡಾ ಜಿಎಸ್‌ಟಿಯೂ ಇಲ್ಲ. ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡು ಇರುವ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಅಡ್ಮಿಟ್ ಆದ ಖರ್ಚು ಸಿಗುತ್ತದೆ, ಅವರು ಅದನ್ನು ಸುಮ್ಮನೆ ಬಿಡಬಾರದು. ಇನ್ಶೂರೆನ್ಸ್ ನಮಗೆ ಆಗುತ್ತದಾ ಇಲ್ಲವಾ ಅನ್ನುವ ಮಸಲೆಯನ್ನು ನಾನು ಮುಟ್ಟುವುದಿಲ್ಲ, ಅದು ಉಸ್ತಾದರ ಹತ್ತಿರ ಕೇಳುವ ವಿಷಯ.

ಇನ್ನೊಂದು ಮಾತು ಹೇಳಿದರೆ ಕೆಲವರಿಗೆ ಸಿಟ್ಟು ಬರಬಹುದು. ನಮ್ಮ ವ್ಯಾಪಾರಿ ಮನೆಗಳವರು ಸರಕಾರಿ ಆರೋಗ್ಯ ಕೇಂದ್ರದ ಮೆಟ್ಟಿಲು ಹತ್ತುವುದಿಲ್ಲ, ಯಾರಾದರೂ ನೋಡಿದರೆ ಮರ್ಯಾದೆ ಹೋಗುತ್ತದಂತೆ. ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ಬಿ.ಪಿ., ಶುಗರ್ ನೋಡುತ್ತಾರೆ, ಮಾತ್ರೆಯನ್ನೂ ಕೊಡುತ್ತಾರೆ. ಉಮ್ಮನ ಬಿ.ಪಿ. ಮಾತ್ರೆ ಈಗ ಅಲ್ಲಿಂದಲೇ. ಸಾಲಿನಲ್ಲಿ ನಮ್ಮ ಅಂಗಡಿಯ ಗಿರಾಕಿಗಳೇ ಸಿಗುತ್ತಾರೆ, ಉಮ್ಮನಿಗೆ ಅದೇ ಒಂದು ಖುಷಿ.

ಉಪ್ಪ ಮಾತ್ರ ಅಲ್ಲಿಗೆ ಬರುವುದಿಲ್ಲ, ಹಟ. ಹಾಗಾಗಿ ಗಲ್ಲೆಯ ಪಕ್ಕ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇಟ್ಟಿದ್ದೇನೆ. ದಿನಾ ಅಂಗಡಿ ಮುಚ್ಚುವಾಗ ಅದಕ್ಕೆ ಮೂವತ್ತು ರೂಪಾಯಿ. ತಿಂಗಳಿಗೆ ಒಂಬೈನೂರು, ಡಾಕ್ಟರ ಫೀಸಿಗೂ ಶುಗರ್ ಟೆಸ್ಟಿಗೂ ಸಾಕು. ಕರೆಂಟು ಬಿಲ್ಲಿನ ಹಾಗೆ ಅದೂ ಅಂಗಡಿಯ ಖರ್ಚು ಎಂದು ಉಪ್ಪನಿಗೆ ಹೇಳಿದ್ದೇನೆ. ಮೊನ್ನೆ ಚಿಲ್ಲರೆ ಇಲ್ಲವೆಂದು ಅದಕ್ಕೇ ಕೈ ಹಾಕಿದ್ದರು, ಉಮ್ಮ ನೋಡಿ ಬೈದು ಸಂಜೆಯೊಳಗೆ ವಾಪಸು ಹಾಕಿಸಿದರು.