ಸರಿಯೋ, ಬೆಸವೋ?

ಹಿಡಿಯಲ್ಲಿ ಹುಣಸೆ ಬೀಜ ಮುಚ್ಚಿಟ್ಟು ‘ಸರಿಯೋ, ಬೆಸವೋ?’ ಎಂದು ಕೇಳುವ ಆಟವನ್ನು ಆಡದ ಅಜ್ಜಿಯರಿಲ್ಲ. ಎರಡೆರಡಾಗಿ ಜೋಡಿಸಿದಾಗ ಏನೂ ಉಳಿಯದಿದ್ದರೆ ಸರಿ, ಒಂದು ಉಳಿದರೆ ಬೆಸ. ಮನೆಯ ಫೋಟೋ, ಪಹಣಿಯ ಪ್ರತಿ, ಮಗಳ ಅಂಕಪಟ್ಟಿಗಳನ್ನು ಕಂಪ್ಯೂಟರಿನಲ್ಲಿ ಕಾಯುವ ಕಾವಲುಗಾರನೂ ಇದೇ ಲೆಕ್ಕವನ್ನೇ ಮಾಡುತ್ತಾನೆ. ಅವನ ಹೆಸರು ಪ್ಯಾರಿಟಿ.

ಇವನ ದಾಯಾದಿಯೊಬ್ಬನನ್ನು ನೋಡಬೇಕಾದರೆ ಕಡೂರು, ತರೀಕೆರೆ ಅಥವಾ ಅಜ್ಜಂಪುರದ ರೈಲು ನಿಲ್ದಾಣಕ್ಕೆ ಹೋದರಾಯಿತು. ಗೂಡ್ಸ್ ವ್ಯಾಗನ್ನಿನ ಮೈಮೇಲೆ 11 ಅಂಕಿಗಳ ಸಂಖ್ಯೆ ಬರೆದಿರುತ್ತಾರೆ. ಉದಾಹರಣೆಗೆ 31240765190 ಎಂದಿರಲಿ. ಮೊದಲ ಹತ್ತರಲ್ಲಿ ಸಮಸ್ಥಾನದ ಅಂಕಿಗಳ ಮೊತ್ತ 26, ಅದರ ಮೂರರಷ್ಟು 78. ಬೆಸಸ್ಥಾನದವುಗಳ ಮೊತ್ತ 12. ಕೂಡಿದರೆ 90. ಮುಂದಿನ ಹತ್ತರ ಗುಣಕಕ್ಕೆ ಬೇಕಾದದ್ದು ಸೊನ್ನೆ, ಅದೇ ಕೊನೆಯ ಅಂಕಿ. ಗುಮಾಸ್ತರು ಒಂದು ಅಂಕಿ ತಪ್ಪಿ ಬರೆದರೂ ಲೆಕ್ಕ ಕೂಡುವುದಿಲ್ಲ. ಮಕ್ಕಳು ನಿಲ್ದಾಣದಲ್ಲಿ ಇದನ್ನು ಪರೀಕ್ಷಿಸಬಹುದು, ಪ್ಲಾಟ್‌ಫಾರಂ ಮೇಲೆ ನಿಂತೇ.

ಇನ್ನು ಮನೆಯ ಸರ್ವರ್. ಅದೇನೂ ದೊಡ್ಡ ಯಂತ್ರವಲ್ಲ, ನಾಲ್ಕು ಹಾರ್ಡ್‌ಡಿಸ್ಕ್ ಜೋಡಿಸಿದ ಹಳೆಯ ಕಂಪ್ಯೂಟರ್ ಸಾಕು. ತರೀಕೆರೆಯ ಒಂದು ಮನೆಯಲ್ಲಿ ಅಂಥದೊಂದಿದೆ ಎಂದುಕೊಳ್ಳಿ. ಮೂರು ಡಿಸ್ಕುಗಳಲ್ಲಿ ಮಾಹಿತಿ, ನಾಲ್ಕನೆಯದರಲ್ಲಿ ಪ್ಯಾರಿಟಿ. ಒಂದೇ ಜಾಗದಲ್ಲಿ ಮೂರರಲ್ಲೂ 1, 0, 1 ಇದ್ದರೆ ಒಂದುಗಳು ಎರಡು, ಅಂದರೆ ಸರಿ. ನಾಲ್ಕನೆಯದರಲ್ಲಿ 0 ಬರೆಯುತ್ತದೆ. 1, 1, 1 ಇದ್ದರೆ ಬೆಸ, ಆಗ 1. ಎರಡನೆಯ ಡಿಸ್ಕ್ ಕೆಟ್ಟುಹೋದರೆ ಉಳಿದ ಮೂರನ್ನು ನೋಡಿ ಕಳೆದದ್ದನ್ನು ಕಂಡುಹಿಡಿಯಬಹುದು. ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ಇಂಥ ಏರ್ಪಾಡುಗಳನ್ನು ‘ರೇಡ್’ ಎಂಬ ಹೆಸರಿನಲ್ಲಿ ವಿಂಗಡಿಸಿ 1988ರಲ್ಲಿ ಪ್ರಬಂಧ ಪ್ರಕಟಿಸಿದರು. ಪ್ಯಾರಿಟಿ ಡಿಸ್ಕ್ ಉಳಿದವುಗಳಲ್ಲಿ ಅತಿ ದೊಡ್ಡದಕ್ಕಿಂತ ಚಿಕ್ಕದಾಗಿರಕೂಡದು.

ಫೈಲು ಕಾಪಿ ಮಾಡುವಾಗ ಸರ್ವರ್ ನಿಧಾನವಾಯಿತೆಂದು ಬೈಯುವವರುಂಟು. ಅದರ ಕಷ್ಟ ಬೇರೆ: ಹಳೆಯ ಮಾಹಿತಿ ಮತ್ತು ಹಳೆಯ ಪ್ಯಾರಿಟಿಯನ್ನು ಓದಿ, ಎರಡನ್ನೂ ಹೊಸದಾಗಿ ಬರೆಯಬೇಕು. ಮಾಹಿತಿ ಬರೆದು ಪ್ಯಾರಿಟಿ ಬರೆಯುವ ಮುಂಚೆ ಕರೆಂಟು ಹೋದರೆ? ಎರಡೂ ತಾಳೆಯಾಗುವುದಿಲ್ಲ. ಮಳೆಗಾಲದಲ್ಲಿ ಇದಕ್ಕೆ ಮದ್ದು ಯುಪಿಎಸ್ ಒಂದೇ.

ತಿಂಗಳಿಗೊಮ್ಮೆ ಪರೀಕ್ಷೆ ನಡೆಸಿದಾಗ ‘ಪ್ಯಾರಿಟಿ ತಪ್ಪುಗಳು: 37’ ಎಂದು ಬಂತೆನ್ನಿ. ಹೆಚ್ಚಿನವರು ಮಾಡುವ ಮೊದಲ ತಪ್ಪು, ತಕ್ಷಣ ‘ತಿದ್ದು’ ಎಂದು ಆಜ್ಞೆ ಕೊಡುವುದು. ಸರಿ-ಬೆಸ ತಾಳೆಯಾಗಿಲ್ಲ ಎಂದಷ್ಟೇ ಕಾವಲುಗಾರ ಹೇಳಬಲ್ಲ. ನಾಲ್ವರಲ್ಲಿ ಸುಳ್ಳು ಹೇಳಿದವರು ಯಾರೆಂದು ಅವನಿಗೆ ಗೊತ್ತಿಲ್ಲ. ಮಾಹಿತಿಯ ಡಿಸ್ಕೇ ತಪ್ಪಾಗಿ ಓದಿದ್ದರೆ ತಿದ್ದುವಿಕೆ ಆ ತಪ್ಪನ್ನೇ ಪ್ಯಾರಿಟಿಯಲ್ಲಿ ಅಚ್ಚೊತ್ತುತ್ತದೆ. ಆದ್ದರಿಂದ ಮೊದಲು ಓದಿ ನೋಡುವ ಪರೀಕ್ಷೆಯನ್ನಷ್ಟೇ ನಡೆಸಿ, ತಪ್ಪು ಬಂದ ಜಾಗಗಳನ್ನು ಬರೆದಿಟ್ಟುಕೊಂಡು, ಇನ್ನೊಮ್ಮೆ ನಡೆಸಬೇಕು.

ಎರಡೂ ಸಲ ಅದೇ ಜಾಗ, ಹಿಂದಿನ ವಾರ ಕರೆಂಟೂ ಹೋಗಿತ್ತು ಎಂದರೆ ಬಹುಮಟ್ಟಿಗೆ ಪ್ಯಾರಿಟಿಯೇ ಹಳತು. ತಿದ್ದಬಹುದು, ಆಮೇಲೆ ಪರೀಕ್ಷೆ ಸೊನ್ನೆ ತೋರಿಸಬೇಕು. ಪ್ರತಿ ಸಲ ಬೇರೆ ಬೇರೆ ಜಾಗವಾದರೆ ಡಿಸ್ಕಿಗಿಂತ ಮೊದಲು ರ್‍ಯಾಮ್ ಮೇಲೆ ಅನುಮಾನ ಇರಲಿ. ಮೆಮೊರಿ ಪರೀಕ್ಷೆಯ ತಂತ್ರಾಂಶವನ್ನು ಇಡೀ ರಾತ್ರಿ ಓಡಿಸಬೇಕು. ಡಿಸ್ಕಿನ ‘ಸ್ಮಾರ್ಟ್’ ವರದಿಯಲ್ಲಿ ಸಿಆರ್‌ಸಿ ತಪ್ಪುಗಳು ಏರುತ್ತಿದ್ದರೆ ಅಪರಾಧಿ ಸಾಮಾನ್ಯವಾಗಿ ಕೇಬಲ್ಲು. ಅಗ್ಗದ ಕೇಬಲ್ ಬದಲಿಸದೆ ದುಬಾರಿ ಡಿಸ್ಕನ್ನು ಎಸೆದವರಿದ್ದಾರೆ! ಆದರೆ ಮರುಹಂಚಿಕೆಯಾದ ಸೆಕ್ಟರುಗಳ ಸಂಖ್ಯೆ ಏರುತ್ತಿದ್ದರೆ ತಿದ್ದುವ ಮಾತೇ ಬೇಡ. ಮೊದಲು ಮಾಹಿತಿಯನ್ನು ಬೇರೆಡೆಗೆ ಕಾಪಿ ಮಾಡಿ, ಆಮೇಲೆ ಡಿಸ್ಕ್ ಬದಲಿಸುವುದು ಒಳ್ಳೆಯದು.

ಕಾಪಿಯಾದ ಮೇಲೂ ಮೂಲವನ್ನು ಅಳಿಸುವ ಆತುರ ಬೇಡ. ಎರಡೂ ಕಡೆ ಚೆಕ್‌ಸಮ್ ಲೆಕ್ಕ ಹಾಕಿ ಹೋಲಿಸಿ ನೋಡಬೇಕು. ಪ್ಯಾರಿಟಿ ಇದೆಯೆಂಬ ಧೈರ್ಯ ಅಲ್ಲಿ ನಡೆಯದು. ಮಗು ಫೋಲ್ಡರನ್ನೇ ಅಳಿಸಿದರೆ ಅಳಿಸಿದ್ದನ್ನೂ ಪ್ಯಾರಿಟಿ ನಿಷ್ಠೆಯಿಂದ ಲೆಕ್ಕಕ್ಕೆ ಹಿಡಿಯುತ್ತದೆ. ಸಿಡಿಲು ಬಡಿದರೆ ನಾಲ್ಕೂ ಡಿಸ್ಕ್ ಒಟ್ಟಿಗೆ ಹೋಗುತ್ತವೆ.

ತರೀಕೆರೆ ಬಳಿಯ ಅಮೃತಾಪುರದಲ್ಲಿ ಕವಿ ಜನ್ನ ರಚಿಸಿದ ಶಾಸನ ಕಲ್ಲಿನಲ್ಲೇ ಇದೆ. ಅದರ ಪಾಠ ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಕಡೂರು ಜಿಲ್ಲೆಯ ಸಂಪುಟದಲ್ಲಿ 1901ರಲ್ಲಿ ಅಚ್ಚಾಗಿ ಊರೂರಿಗೆ ಹೋಯಿತು. ಹಾಗೆಯೇ ತರೀಕೆರೆಯ ಆ ಮನೆಯವರೂ ಇನ್ನೊಂದು ಪ್ರತಿಯನ್ನು ಬಿಡಿ ಡಿಸ್ಕಿನಲ್ಲಿ ತೆಗೆದು, ಅಜ್ಜಂಪುರದ ಅಕ್ಕನ ಮನೆಯ ಬೀರುವಿನಲ್ಲಿ ಇಡಬೇಕು. ಹಬ್ಬಕ್ಕೆ ಹೋದಾಗಲೆಲ್ಲ ಹೊಸ ಪ್ರತಿ ಇಟ್ಟು ಹಳೆಯದನ್ನು ತಂದರಾಯಿತು.